ಕಂದಾಯದ ಕೌಂಟರಿನಿಂದ ಕಂಡ ಬೆಂಗಳೂರು

ಎಂಬತ್ತರ ದಶಕದಲ್ಲಿ ನಾನು ಬೆಂಗಳೂರು ಕಾರ್ಪೊರೇಷನ್ನಿನ ಕಂದಾಯ ಶಾಖೆಗೆ ಗುಮಾಸ್ತನಾಗಿ ಸೇರಿದಾಗ ಮನೆ ಕಂದಾಯ ನಿಗದಿಯಾಗುತ್ತಿದ್ದುದು ಬಾಡಿಗೆಯ ಲೆಕ್ಕದಲ್ಲಿ. ಇನ್‌ಸ್ಪೆಕ್ಟರು ಮನೆ ನೋಡಲು ಹೊರಟರೆ ರಿಜಿಸ್ಟರು ಹೊತ್ತು ನಾನು ಹಿಂದೆ. ಮುಂಬಾಗಿಲಲ್ಲಿ ಮಾಲೀಕರು ಹೇಳುವ ಬಾಡಿಗೆಯೇ ಬೇರೆ, ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಬಾಡಿಗೆಯವರು ಹೇಳುವುದೇ ಬೇರೆ. ಎರಡರ ನಡುವೆ ಎಲ್ಲೋ ಒಂದು ಅಂಕಿ ನಿಲ್ಲುತ್ತಿತ್ತು.

ಹಿರಿಯ ಗುಮಾಸ್ತರ ಬಾಯಲ್ಲಿ ಊರು ಇನ್ನೂ ಎರಡಾಗಿಯೇ ಇತ್ತು: ಪೇಟೆ ಮತ್ತು ದಂಡು. ಅದಕ್ಕೆ ಕಾರಣವೂ ಇತ್ತು. 1862ರಲ್ಲಿ ಮುನಿಸಿಪಾಲಿಟಿ ಹುಟ್ಟಿದಾಗ ಪೇಟೆಗೊಂದು, ದಂಡಿಗೊಂದು ಬೇರೆ ಬೇರೆ ಆಡಳಿತ. ಅವೆರಡೂ ಕೂಡಿ ಕಾರ್ಪೊರೇಷನ್ ಆದದ್ದು 1949ರಲ್ಲಿ.

ಆ ಕೌಂಟರು ಬರೀ ದುಡ್ಡು ಕಟ್ಟುವ ಜಾಗವಾಗಿರಲಿಲ್ಲ. ರಸೀದಿ ಕೈಗೆ ಬಂದ ಮೇಲೆ ಜನ ಅಲ್ಲೇ ನಿಂತು, "ದುಡ್ಡು ತಗೊಂಡ್ರಲ್ಲ ಸ್ವಾಮಿ, ನಮ್ಮ ಮೋರಿ ಯಾವಾಗ ಎತ್ತಿಸ್ತೀರಿ?" ಎನ್ನುತ್ತಿದ್ದರು. "ನಿಮ್ಮ ಕಾರ್ಪೊರೇಟರನ್ನ ಕೇಳಿ" ಎಂದು ನಾವು ಸಾಗಹಾಕುತ್ತಿದ್ದೆವು. ಅವರೂ ಬಿಡುತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಸದಸ್ಯರ ಮನೆ ಜಗಲಿಯಲ್ಲಿ ಹಾಜರು.

2000ದಲ್ಲಿ ಸ್ವಯಂ ಘೋಷಣೆ ಪದ್ಧತಿ ಬಂತು. ನಿವೃತ್ತ ಮೇಷ್ಟ್ರುಗಳು ನಮ್ಮ ಬೆಂಚಿನ ಮೇಲೆ ಕೂತು ಚದರಡಿಯನ್ನು ದರದಿಂದ ಗುಣಿಸಿ, ಕಟ್ಟಡದ ಸವಕಳಿ ಕಳೆದು, ತಮ್ಮ ಕಂದಾಯವನ್ನು ತಾವೇ ಕಂಡುಹಿಡಿಯತೊಡಗಿದರು. ಇನ್‌ಸ್ಪೆಕ್ಟರ ಹಿತ್ತಲ ವಿಚಾರಣೆ ಕಮ್ಮಿಯಾಯಿತು. 2007ರಲ್ಲಿ ಯಲಹಂಕ, ದಾಸರಹಳ್ಳಿ, ಬೊಮ್ಮನಹಳ್ಳಿಯಂಥ ಏಳು ನಗರಸಭೆ, ಕೆಂಗೇರಿ ಪುರಸಭೆ, ಜೊತೆಗೆ 110 ಹಳ್ಳಿಗಳು ಸೇರಿ ಬೃಹತ್ ಪಾಲಿಕೆಯಾಯಿತು. ನೂರು ವಾರ್ಡಿನ ಊರು 198 ವಾರ್ಡಿಗೆ ಬೆಳೆಯಿತು. ನಿನ್ನೆಯವರೆಗೆ ಪಂಚಾಯ್ತಿ ರಸೀದಿ ಇಟ್ಟುಕೊಂಡಿದ್ದವರು ಖಾತೆಗಾಗಿ ಸಾಲುಗಟ್ಟಿದರು. ನಾನು ನಿವೃತ್ತನಾಗುವ ಹೊತ್ತಿಗೆ ಕಂದಾಯ ಕಂಪ್ಯೂಟರಿಗೆ ಏರಿತ್ತು. ಈಗ ಮೊಬೈಲಿನಲ್ಲೇ ಕಟ್ಟಿ ಮುಗಿಸುತ್ತೇನೆ.

ಕಟ್ಟುವುದು ಸುಲಭವಾಯಿತು, ಕೇಳುವುದು ಕಷ್ಟವಾಯಿತು. 2020ರ ಸೆಪ್ಟೆಂಬರಿನಲ್ಲಿ ಸದಸ್ಯರ ಅವಧಿ ಮುಗಿದ ಮೇಲೆ ಚುನಾವಣೆ ಮುಂದಕ್ಕೆ ಹೋಗುತ್ತಲೇ ಇತ್ತು. ಅಧಿಕಾರಿಗಳೇ ಊರು ನಡೆಸಿದರು. 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದಾಗಲೂ ಒಬ್ಬ ಚುನಾಯಿತ ಸದಸ್ಯನಿರಲಿಲ್ಲ. ಇಷ್ಟು ದೊಡ್ಡ ಊರಿಗೆ ಒಂದೇ ಪಾಲಿಕೆ ಸಾಲದೆಂಬುದು ನಿಜವೇ. ಆದರೆ ಮೋರಿ ಕಟ್ಟಿಕೊಂಡಾಗ ಬಾಗಿಲು ತಟ್ಟಿ ಜಗಳ ಆಡಲು ವಾರ್ಡಿಗೊಬ್ಬ ಸದಸ್ಯ ಇಲ್ಲದಿದ್ದರೆ, ಅವು ಐದು ಕಂದಾಯ ಕಚೇರಿಗಳಷ್ಟೇ.