ಒಂಬತ್ತನೇ ಸ್ಥಾನ ಮತ್ತು ಎಂಟೂ ಕಾಲಿನ ಬಸ್ಸು

ಹೋದ ವಾರ ರಾತ್ರಿ ಅಣ್ಣನ ಮಗಳು ಫೋನ್ ಮಾಡಿದಳು. ಅವಳು ದಾವಣಗೆರೆಯಲ್ಲಿ ಪಿ.ಜಿ.ಯಲ್ಲಿದ್ದುಕೊಂಡು ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಾಳೆ.

"ಚಿಕ್ಕಪ್ಪ, ಒಂದು ಪ್ರಶ್ನೆ. 2020ರ ಸುಲಲಿತ ಜೀವನ ಸೂಚ್ಯಂಕದಲ್ಲಿ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಗರಗಳ ಪೈಕಿ ದಾವಣಗೆರೆಗೆ ಎಷ್ಟನೇ ಸ್ಥಾನ?"

"ಒಂಬತ್ತು" ಅಂದೆ, ಯೋಚನೆಯನ್ನೇ ಮಾಡದೆ.

"ನಿಮಗೆ ಹೆಂಗೆ ಗೊತ್ತು?"

ಆ ಸುದ್ದಿ ಬರೆದವನು ನಾನೇ ಎಂದೆ. ಅವಳು ನಕ್ಕು ಫೋನ್ ಇಟ್ಟಳು. ನನಗೆ ಮಾತ್ರ ಆಮೇಲೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಆ ಸುದ್ದಿ ಬರೆದ ರಾತ್ರಿಯ ಬಗ್ಗೆ ಎಲ್ಲೂ ಬರೆದಿರಲಿಲ್ಲ. ಈಗ ಬರೆಯುತ್ತಿದ್ದೇನೆ.

2021ರ ಮಾರ್ಚ್ 4. ಕೇಂದ್ರದ ನಗರ ವ್ಯವಹಾರಗಳ ಸಚಿವರಾಗಿದ್ದ ಹರ್‌ದೀಪ್ ಸಿಂಗ್ ಪುರಿ ಅವರು ದೆಹಲಿಯಲ್ಲಿ ಪಟ್ಟಿ ಬಿಡುಗಡೆ ಮಾಡಿದರು. ದೇಶದ 111 ನಗರಗಳ ಪಟ್ಟಿ ಅದು. ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳು 49, ಅವುಗಳಲ್ಲಿ ಬೆಂಗಳೂರು ಮೊದಲನೆಯದು. ಹತ್ತು ಲಕ್ಷಕ್ಕಿಂತ ಕಡಿಮೆ ಇರುವವು 62. ಅವುಗಳಲ್ಲಿ ಶಿಮ್ಲಾ ಮೊದಲು, ಭುವನೇಶ್ವರ ಎರಡನೆಯದು. ಹಾಗೇ ಇಳಿಯುತ್ತಾ ಹೋದರೆ ಎಂಟರಲ್ಲಿ ಗುರುಗ್ರಾಮ, ಒಂಬತ್ತರಲ್ಲಿ ನಮ್ಮ ದಾವಣಗೆರೆ. ದೊಡ್ಡ ದೊಡ್ಡ ಕಂಪನಿಗಳಿರುವ, ದೆಹಲಿಗೆ ಅಂಟಿಕೊಂಡ ಗುರುಗ್ರಾಮದ ಬೆನ್ನಿಗೇ ಬೆಣ್ಣೆದೋಸೆಯ ಊರು!

ಡೆಸ್ಕ್‌ನಿಂದ ಫೋನ್ ಬಂತು. "ಒಳ್ಳೇ ಸುದ್ದಿ. ಜನರ ಅಭಿಪ್ರಾಯ ಎರಡು ಸಾಲು ಸೇರಿಸಿ ಬೇಗ ಕಳಿಸಿ." ಬಸ್ ನಿಲ್ದಾಣದ ಹತ್ತಿರ ಒಬ್ಬ ಹೂವಿನವರನ್ನು, ಒಬ್ಬ ಆಟೋದವರನ್ನು, ಒಬ್ಬ ಕಾಲೇಜು ಹುಡುಗನನ್ನು ಮಾತಾಡಿಸಿದೆ. ಮೂವರೂ ಖುಷಿಪಟ್ಟರು. ಆಟೋದವರು ಮಾತ್ರ "ಒಂಬತ್ತು ಯಾಕೆ ಬಂತು ಸಾರ್, ಒಂದು ಬರಬೇಕಿತ್ತು" ಅಂದರು. ಎಲ್ಲವನ್ನೂ ಮೊಬೈಲ್‌ನಲ್ಲೇ ಟೈಪ್ ಮಾಡಿ ಕಳಿಸಿ, ಎಂಟೂ ಕಾಲಿನ ಬಸ್ಸು ಹಿಡಿದು ಊರಿಗೆ ಬಂದೆ.

ನಮ್ಮೂರು ಜಗಳೂರು ಕಡೆಯ ರಸ್ತೆಯಲ್ಲಿ, ದಾವಣಗೆರೆಯಿಂದ 28 ಕಿಲೋಮೀಟರ್. ಮಳೆ ನಂಬಿ ಮೆಕ್ಕೆಜೋಳ ಬಿತ್ತುವ ಊರು. ಬರುವುದು ಹೆಚ್ಚಾಗಿ ಖಾಸಗಿ ಬಸ್ಸು. ಕೊನೆಯದು ರಾತ್ರಿ ಎಂಟೂ ಕಾಲಿಗೆ ದಾವಣಗೆರೆ ಬಿಡುತ್ತದೆ.

ಮನೆಯಲ್ಲಿ ಅಪ್ಪ ಮಂಚದ ಮೇಲಿದ್ದರು. ನಾಲ್ಕು ತಿಂಗಳ ಹಿಂದೆ ಅವರಿಗೆ ಲಕ್ವ ಹೊಡೆದಿತ್ತು. ಎಡಗೈ ಏಳುತ್ತಿರಲಿಲ್ಲ, ಬಾಯಿ ಒಂದು ಕಡೆ ಸ್ವಲ್ಪ ಸೊಟ್ಟಗಾಗಿತ್ತು. ಅವರ ಪಕ್ಕ ಕೂತು ಸುದ್ದಿ ಹೇಳಿದೆ. ಅಪ್ಪ ಆ ಸೊಟ್ಟ ಬಾಯಲ್ಲೇ ನಕ್ಕು, "ನಮ್ಮ ದಾವಣಗೇರಿ ಅಂದ್ರ ಸುಮ್ನೇನಪಾ" ಅಂದರು.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು: "ಆ ಪಟ್ಟ್ಯಾಗ ನಮ್ಮೂರ ಕೊನೇ ಬಸ್ಸಿನ ಟೈಮು ಐತೇನು?"

ನನ್ನ ಬಳಿ ಉತ್ತರ ಇರಲಿಲ್ಲ. ಅವಳು ಯಾಕೆ ಹಾಗೆ ಕೇಳಿದಳು ಎನ್ನುವುದು ಮಾತ್ರ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅದಕ್ಕೂ ನಾಲ್ಕು ತಿಂಗಳ ಹಿಂದೆ, 2020ರ ನವೆಂಬರ್. ಲಾಕ್‌ಡೌನ್ ಮುಗಿದರೂ ಬಸ್ಸುಗಳು ಪೂರ್ತಿ ಶುರುವಾಗಿರಲಿಲ್ಲ. ಎಂಟೂ ಕಾಲಿನದು ನಿಂತೇ ಹೋಗಿತ್ತು, ಆರೂವರೆಯದೇ ಕೊನೆ. ಒಂದು ರಾತ್ರಿ ಒಂಬತ್ತರ ಸುಮಾರಿಗೆ ಊಟಕ್ಕೆ ಕೂತ ಅಪ್ಪನ ಕೈಯಿಂದ ತುತ್ತು ಜಾರಿತು. ಮಾತು ತೊದಲಿತು. "ಯಾಕೋ ಸುಸ್ತು" ಅಂದರು. ಇಡೀ ದಿನ ಮೆಕ್ಕೆಜೋಳ ಮುರಿದು ಬಂದಿದ್ದರು, ಸುಸ್ತೇ ಇರಬೇಕು ಅಂದುಕೊಂಡೆವು. ನಿಂಬೆಹಣ್ಣಿನ ಪಾನಕ ಕೊಟ್ಟೆವು. ಮಲಗಿಸಿದೆವು. ನಾನೇ ಹೇಳಿದ್ದು: "ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೋಗೋಣ."

ನಾನು ಪತ್ರಿಕೋದ್ಯಮ ಡಿಪ್ಲೊಮಾ ಮಾಡಿದವನು. ಲಕ್ವದ ಲಕ್ಷಣಗಳ ಬಗ್ಗೆ ವೈದ್ಯರ ಲೇಖನವನ್ನು ಪೇಪರಿಗೆ ತಿದ್ದಿ ಕಳಿಸಿದವನು. ಆದರೂ ಆ ರಾತ್ರಿ ನನಗೆ ಹೊಳೆಯಲಿಲ್ಲ.

ಬೆಳಿಗ್ಗೆ ದಾವಣಗೆರೆ ಮುಟ್ಟಿದ ಮೇಲೆ ಎಲ್ಲ ಬೇಗ ಬೇಗ ಆಯಿತು. ಸ್ಕ್ಯಾನಿಂಗ್, ಡಾಕ್ಟರು, ಔಷಧ ಎಲ್ಲವೂ ಒಂದು ಗಂಟೆಯೊಳಗೆ. ಡಾಕ್ಟರು ಬೈಯಲಿಲ್ಲ, ಮೆತ್ತಗೆ ಹೇಳಿದರು: ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆದರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾವು ಹೋಗುವಷ್ಟರಲ್ಲಿ ಹತ್ತು ಗಂಟೆ ಮೀರಿತ್ತು.

ಆಮೇಲೆ ತುಂಬಾ ಸಲ ಯೋಚಿಸಿದ್ದೇನೆ. ಊರಲ್ಲಿ ಟಾಟಾ ಏಸ್ ಇತ್ತು. 108ಕ್ಕೆ ಫೋನ್ ಮಾಡಬಹುದಿತ್ತು. ಯಾಕೆ ಮಾಡಲಿಲ್ಲ? ನನಗೆ ಸಿಕ್ಕ ಉತ್ತರ ಇಷ್ಟೆ: ಹಳ್ಳಿಯಲ್ಲಿ ಕೊನೇ ಬಸ್ಸು ಹೋದ ಮೇಲೆ ನಮ್ಮ ಬುದ್ಧಿಯೂ "ಇನ್ನು ನಾಳೆ" ಅಂದುಬಿಡುತ್ತದೆ. ಹಲ್ಲುನೋವು ಬಂದರೂ ನಾಳೆ, ಎದೆನೋವು ಬಂದರೂ ನಾಳೆ. ಹುಟ್ಟಿದಾಗಿನಿಂದ ಅಭ್ಯಾಸವಾಗಿದೆ. ಆರೂವರೆಗೇ ಕೊನೇ ಬಸ್ಸು ಹೋಗಿದ್ದ ಆ ರಾತ್ರಿ, ಒಂಬತ್ತು ಗಂಟೆಗೆ ನನ್ನ ಮನಸ್ಸಿನಲ್ಲಿ ದಾವಣಗೆರೆ ಎಂಬ ಊರೇ ಇರಲಿಲ್ಲ.

ಇದನ್ನು ಇಟ್ಟುಕೊಂಡು ಆ ಪಟ್ಟಿಯನ್ನು ಮತ್ತೆ ನೋಡಿದೆ. ಅದು ಸುಳ್ಳು ಪಟ್ಟಿ ಅಂತ ನಾನು ಹೇಳುತ್ತಿಲ್ಲ. ಹೇಗೆ ಅಂಕ ಕೊಟ್ಟರು ಅನ್ನುವುದನ್ನು ತಿಳಿದುಕೊಂಡರೆ ನಿಮಗೂ ಅರ್ಥವಾಗುತ್ತದೆ.

ನೂರಕ್ಕೆ 35 ಅಂಕ ಜೀವನದ ಗುಣಮಟ್ಟಕ್ಕೆ. ಮನೆ, ಶುದ್ಧ ನೀರು, ಶಾಲೆ, ಆಸ್ಪತ್ರೆ, ಸುರಕ್ಷತೆ, ಪಾರ್ಕು ಇಂಥವು. 15 ಅಂಕ ಆರ್ಥಿಕ ಶಕ್ತಿಗೆ, ಅಂದರೆ ಊರು ಎಷ್ಟು ಬೆಳೆದಿದೆ, ಬಡವರಿಗೂ ಶ್ರೀಮಂತರಿಗೂ ಎಷ್ಟು ಅಂತರ ಇದೆ ಎನ್ನುವುದಕ್ಕೆ. 20 ಅಂಕ ಪರಿಸರಕ್ಕೆ, ಗಾಳಿಗೆ, ಹಸಿರಿಗೆ. ಉಳಿದ 30 ಅಂಕ ಜನರ ಅಭಿಪ್ರಾಯಕ್ಕೆ. 2020ರ ಜನವರಿ 16ರಿಂದ ಮಾರ್ಚ್ 20ರವರೆಗೆ 111 ನಗರಗಳ 32 ಲಕ್ಷಕ್ಕೂ ಹೆಚ್ಚು ಜನರನ್ನು "ನಿಮ್ಮೂರು ಹೇಗಿದೆ?" ಅಂತ ಕೇಳಿದ್ದರು.

ಆ ಜನಾಭಿಪ್ರಾಯದ ಪಟ್ಟಿಯನ್ನು ಬೇರೆ ಮಾಡಿ ನೋಡಿದರೆ ಭುವನೇಶ್ವರ ಮೊದಲು, ಸಿಲ್ವಾಸಾ ಎರಡನೆಯದು, ದಾವಣಗೆರೆ ಮೂರನೆಯದು! ಒಟ್ಟು ಪಟ್ಟಿಯಲ್ಲಿ ಒಂಬತ್ತು, ಜನರ ಬಾಯಲ್ಲಿ ಮೂರು. ಅವತ್ತು ಆತುರದಲ್ಲಿ ಈ ಮಾತನ್ನು ನಾನು ಸುದ್ದಿಯಲ್ಲಿ ಹಾಕಲೇ ಇಲ್ಲ. ನಿಜವಾದ ಸುದ್ದಿ ಅದೇ ಆಗಿತ್ತು.

ಯಾಕೆ ಹಾಗೆ ಹೇಳಿದರು ಜನ? ನನಗೆ ಆಶ್ಚರ್ಯವಾಗಲಿಲ್ಲ. ದಾವಣಗೆರೆ ಸುಲಭದ ಊರು. ಕಡಿಮೆ ದುಡ್ಡಲ್ಲಿ ಹೊಟ್ಟೆ ತುಂಬುತ್ತದೆ. ಬೆಣ್ಣೆದೋಸೆ ಬೇಡವಾದರೆ ಮಂಡಕ್ಕಿ ಮೆಣಸಿನಕಾಯಿ. ಹಳೇ ಪ್ಯಾಟೆಯಿಂದ ಪಿ.ಜೆ. ಬಡಾವಣೆಗೆ ನಡೆದೇ ಹೋಗಬಹುದು. ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳಿವೆ, 2009ರಿಂದ ವಿಶ್ವವಿದ್ಯಾಲಯವೂ ಇದೆ. 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿ ಬಂದಾಗ ಕರ್ನಾಟಕದಿಂದ ಇದ್ದದ್ದು ಎರಡೇ ಊರು, ಬೆಳಗಾವಿ ಮತ್ತು ದಾವಣಗೆರೆ.

ಇನ್ನೊಂದು ಕಾರಣ ನಮ್ಮ ಅಪ್ಪನಂಥವರ ಮನಸ್ಸಿನಲ್ಲಿದೆ. ದಾವಣಗೆರೆಗೆ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಹತ್ತಿ ಮಿಲ್ಲುಗಳ ಊರು. ಅಪ್ಪ ಹರೆಯದಲ್ಲಿ ಒಂದು ಮಿಲ್ಲಿಗೆ ಕೆಲಸಕ್ಕೆ ಸೇರಿದ್ದರು. ಬಟವಾಡೆ ದಿನ ಒಂದು ಸಿನಿಮಾ, ಒಂದು ದೋಸೆ, ಅವ್ವನಿಗೆ ಒಂದು ಮೊಳ ಮಲ್ಲಿಗೆ. ನಾನು ಹುಟ್ಟಿದ ಕೆಲವೇ ವರ್ಷಕ್ಕೆ ಆ ಮಿಲ್ಲು ಬಾಗಿಲು ಹಾಕಿತು. ಅಪ್ಪ ಊರಿಗೆ ಬಂದು ನೇಗಿಲು ಹಿಡಿದರು. ಮಿಲ್ಲುಗಳು ಹೋದ ಮೇಲೂ ದಾವಣಗೆರೆ ಸಾಯಲಿಲ್ಲ. ಕಾಲೇಜು, ಆಸ್ಪತ್ರೆ, ಮೆಕ್ಕೆಜೋಳದ ವ್ಯಾಪಾರ ಹಿಡಿದುಕೊಂಡು ಬದುಕಿತು. 1997ರಲ್ಲಿ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯೂ ಆಯಿತು. ಕೆಲಸ ಕಳೆದುಕೊಂಡ ಅಪ್ಪನೇ ಆ ಊರನ್ನು ಇವತ್ತಿಗೂ "ನಮ್ಮ" ಅನ್ನುತ್ತಾರೆ.

ಆದರೆ ಅಪ್ಪನನ್ನು ಯಾರೂ ಕೇಳಲಿಲ್ಲ. ಕೇಳುವಂತೆಯೂ ಇರಲಿಲ್ಲ, ಯಾಕೆಂದರೆ ಅದು ನಗರದವರ ಸಮೀಕ್ಷೆ.

ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ನಮ್ಮೂರಿಂದ ಯಾರು ಯಾರು ಹೋಗುತ್ತಾರೆ ನೋಡಿ. ಸೊಪ್ಪಿನ ಮೂಟೆ ಹೊತ್ತ ಇಬ್ಬರು ಹೆಂಗಸರು. ಬೆಣ್ಣೆ ಡಬ್ಬಿ ಹಿಡಿದ ಒಬ್ಬ ಅಜ್ಜಿ. ಗಾರೆ ಕೆಲಸದ ನಾಲ್ಕು ಹುಡುಗರು. ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಒಬ್ಬಳು. ಅಂಗಡಿಯಲ್ಲಿ ಲೆಕ್ಕ ಬರೆಯುವ ಒಬ್ಬ. ಕಾಲೇಜಿನ ಮಕ್ಕಳಂತೂ ಲೆಕ್ಕವಿಲ್ಲ. ಇವರ ಹಗಲೆಲ್ಲ ದಾವಣಗೆರೆಯದು. ರಾತ್ರಿ ಮಾತ್ರ ನಮ್ಮೂರದು. ಊರು ಸುಲಭವಾಗಿರುವುದರಲ್ಲಿ ಇವರ ಪಾಲೂ ಇದೆ. ದೋಸೆಯ ಮೇಲಿನ ಬೆಣ್ಣೆ ಎಲ್ಲಿಂದ ಬಂತು ಅಂತ ಕೇಳಿದರೆ ಸಾಕು.

ಇನ್ನೊಂದು ಮಾತು. ಸಮೀಕ್ಷೆ ಮುಗಿದದ್ದು ಮಾರ್ಚ್ 20ಕ್ಕೆ. ಐದು ದಿನಕ್ಕೆ ದೇಶವೇ ಬಂದ್ ಆಯಿತು. ಆಗ ಬೆಂಗಳೂರಿಂದ, ದಾವಣಗೆರೆಯಿಂದ ನಮ್ಮೂರಿಗೆ ವಾಪಸ್ ಬಂದವರಿಂದ ಪ್ರತಿ ಮನೆಯೂ ತುಂಬಿತ್ತು. ಬಾಡಿಗೆ ಕಟ್ಟಲಾಗದೆ ಬಂದವರು, ಕೆಲಸ ಹೋಗಿ ಬಂದವರು. ಆಗ ಬದುಕಲು ಸುಲಭವಾದ ಊರು ಯಾವುದಾಗಿತ್ತು? ಅದಕ್ಕೆ ಯಾರೂ ಅಂಕ ಹಾಕಲಿಲ್ಲ. ಹಾಕಬೇಕಿತ್ತು ಅಂತಲೂ ಅಲ್ಲ. ಕಷ್ಟ ಬಂದಾಗ ಪ್ಯಾಟೆಯವರು ಹಳ್ಳಿಗೆ ಬಂದರು, ಕಾಯಿಲೆ ಬಂದಾಗ ನಾವು ಪ್ಯಾಟೆಗೆ ಹೋಗುತ್ತೇವೆ. ನಡುವೆ ಇರುವುದು ಒಂದು ಬಸ್ಸು.

ಆ ಬಸ್ಸಿನ ಬಗ್ಗೆ ನಾನು ಸುದ್ದಿ ಮಾಡಿದ್ದೇನೆ, ಎರಡು ಸಲ. ರಾತ್ರಿ ಒಂಬತ್ತೂವರೆಗೆ ಒಂದು ಬಸ್ಸು ಬೇಕು ಅಂತ ಊರವರು ಸಹಿ ಹಾಕಿ ಅರ್ಜಿ ಕೊಟ್ಟಿದ್ದೇವೆ. ಬಸ್ಸಿನ ಮಾಲೀಕರೊಬ್ಬರನ್ನು ಕೇಳಿದಾಗ ಅವರು ನೇರವಾಗಿ ಹೇಳಿದರು: "ಆ ಹೊತ್ತಿಗೆ ಹತ್ತು ಜನ ಹತ್ತಿದರೆ ಡೀಸೆಲ್ಲಿಗೂ ಸಾಲಲ್ಲ." ಅವರ ಮಾತೂ ಸುಳ್ಳಲ್ಲ. ಅಣ್ಣನ ಮಗಳ ಕೋಚಿಂಗ್ ಮುಗಿಯುವುದು ರಾತ್ರಿ ಎಂಟಕ್ಕೆ. ಓಡಿದರೂ ಎಂಟೂ ಕಾಲಿನ ಬಸ್ಸು ಸಿಗುವುದಿಲ್ಲ. ಅದಕ್ಕೇ ತಿಂಗಳಿಗೆ ನಾಲ್ಕೂವರೆ ಸಾವಿರ ಕೊಟ್ಟು ಪಿ.ಜಿ.ಯಲ್ಲಿದ್ದಾಳೆ. ಅವಳ ಜೊತೆ ಓದಿದ ಇನ್ನಿಬ್ಬರು ಹುಡುಗಿಯರ ಮನೆಯಲ್ಲಿ ಆ ದುಡ್ಡು ಇರಲಿಲ್ಲ. ಅವರು ಕೋಚಿಂಗ್ ಬಿಟ್ಟರು. ಆ ಹತ್ತು ಜನರಲ್ಲಿ ಅವರಿಬ್ಬರೂ ಇರುತ್ತಿದ್ದರು.

ಓದುವವರಲ್ಲಿ ಎರಡು ಮಾತು ಕೇಳಿಕೊಳ್ಳುತ್ತೇನೆ. ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆ ನಿಮ್ಮೂರಿನ ಕೊನೇ ಬಸ್ಸಿನ ಹೊತ್ತನ್ನೂ ಬರೆಸಿ, ಯಾರಿಗೆ ಯಾಕೆ ಬೇಕು ಅಂತ ಹೆಸರು ಹಿಡಿದು ಬರೆಸಿ. ಎರಡನೆಯದು ನನ್ನ ತಪ್ಪಿನಿಂದ ಕಲಿತದ್ದು. ಮನೆಯಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಗಡಿಯಾರ ನೋಡಿಕೊಳ್ಳಿ, ತಕ್ಷಣ 108ಕ್ಕೆ ಫೋನ್ ಮಾಡಿ. ಬೆಳಗಿನ ಬಸ್ಸಿಗೆ ಕಾಯಬೇಡಿ.

ಅಪ್ಪ ಈಗ ಕೋಲು ಹಿಡಿದು ಓಡಾಡುತ್ತಾರೆ. ಸಂಜೆ ಹೊರಗೆ ಕಟ್ಟೆಯ ಮೇಲೆ ಕೂರುತ್ತಾರೆ. ಒಂಬತ್ತರ ಸುಮಾರಿಗೆ ಎಂಟೂ ಕಾಲಿನ ಬಸ್ಸು ಹಾರ್ನ್ ಹೊಡೆದು ನಿಂತು, ನಾಲ್ಕೈದು ಜನರನ್ನು ಇಳಿಸಿ ಮುಂದೆ ಹೋಗುತ್ತದೆ. ಅದರ ಕೆಂಪು ದೀಪ ಕಾಣದಾಗುವವರೆಗೂ ನೋಡಿ, "ಪ್ಯಾಟಿ ಬಾಗ್ಲು ಹಾಕ್ತು ನೋಡು" ಎನ್ನುತ್ತಾರೆ. ಆಮೇಲೆ ಬಲಗೈಯಿಂದ ಎಡಗೈ ಎತ್ತಿಕೊಂಡು ಒಳಗೆ ಬರುತ್ತಾರೆ.