ಬದುವಿಗೆ ಬದುವಿಲ್ಲ

ಈ ಸಲ ಬಿಳಿಜೋಳದ ಸುಗ್ಗಿ ಮುಗಿದ ಮೇಲೆ ಇಂಡಿಯ ಹತ್ತಿರದ ನಮ್ಮ ಹೊಲಕ್ಕೆ ಸರ್ವೇದವರು ಬಂದಿದ್ದರು. ಅಪ್ಪನಿಗೂ ಕಾಕಾನಿಗೂ ಹಿಸ್ಸಾ ಆಗಬೇಕಿತ್ತು. ಭೂಮಾಪಕ ಇನ್ನೂ ಚಿಕ್ಕ ಹುಡುಗ, ಕೆಲಸದಲ್ಲಿ ಬಲು ನಿಷ್ಠೆ. ಬಾಂದುಗಲ್ಲು ಹುಡುಕುತ್ತ ಎರಿ ಹೊಲದ ಸುತ್ತ ನಡೆದ. ಒಂದು ಕಡೆ ಬದು ಮೂರು ಮೊಳ ಅಗಲ ಇತ್ತು, ಅದರ ಮೇಲೆ ಎರಡು ಬೇವಿನ ಗಿಡ. ಅಲ್ಲಿ ನಿಂತು, ‘ಅಜ್ಜಾರ, ಈ ಬದುವಿನ ಗಡಿ ಎಲ್ಲಿಗೆ ಹಿಡೀಲಿ?’ ಎಂದು ಕೇಳಿದ. ಕಾಕಾ ನಡೆಯುವುದನ್ನು ನಿಲ್ಲಿಸಲಿಲ್ಲ. ‘ತಮ್ಮಾ, ಹೊಲಕ್ಕ ಬದು ಇರತೈತಿ. ಬದುವಿಗೆ ಎಲ್ಲಿ ಬದು ಇರತೈತಿ? ನಡಿ, ಬಿಸಲಾತು.’

ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ಮೂವತ್ತು ವರ್ಷದಿಂದ ಕಪ್ಪು ಹಲಗೆಯ ಮೇಲೆ ‘ಡಿ ಸ್ಕ್ವೇರ್ ಈಕ್ವಲ್ ಟು ಸೊನ್ನೆ’, ಅಂದರೆ ಅಂಚಿಗೆ ಅಂಚಿಲ್ಲ, ಎಂದು ಬರೆಯುತ್ತ ಬಂದವನು ನಾನು. ಆಕಾರಗಳ ತೂತು ಎಣಿಸುವ ಗಣಿತವಾದ ಹೊಮಾಲಜಿಯ ಕಾಂಪ್ಲೆಕ್ಸುಗಳೆಲ್ಲ, ಬೀಜಗಣಿತದ್ದಿರಲಿ ರೇಖಾಗಣಿತದ್ದಿರಲಿ ಭೌತಶಾಸ್ತ್ರದ್ದಿರಲಿ, ನಿಂತಿರುವುದು ಆ ಒಂದು ಸಾಲಿನ ಮೇಲೆ. ಅದಕ್ಕೆ ಇಷ್ಟು ಚಿಕ್ಕ, ಇಷ್ಟು ಸರಿಯಾದ ಕನ್ನಡ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದವನೇ ಕಾಗದ ತೆಗೆದು ಮೂರು ಕಲ್ಲು ಹಾಕಿದೆ: ಅ, ಬ, ಕ. ಅದೆಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ, ಪ್ರತಿ ಸಲವೂ ಅದೇ ಸುಖ. ಅ ಇಂದ ಬ ಗೆ ಹೋಗುವ ಬದುವಿನ ಅಂಚು ‘ಬ − ಅ’: ಮುಟ್ಟಿದ ಕಲ್ಲು ಧನ, ಬಿಟ್ಟ ಕಲ್ಲು ಋಣ. ಮುಂದಿನದು ‘ಕ − ಬ’. ಕೊನೆಯದು ‘ಅ − ಕ’. ಮೂರನ್ನೂ ಕೂಡಿಸಿದರೆ ಪ್ರತಿ ಕಲ್ಲಿಗೂ ಒಂದು ಧನ, ಒಂದು ಋಣ. ಎಲ್ಲರ ಋಣವೂ ತೀರಿತು. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ಧನ–ಋಣಗಳ ಕೂಡು–ಕಳೆಯ ನಿಯಮ ಬರೆದ. ಒಂಬತ್ತನೆಯ ಶತಮಾನದಲ್ಲಿ ನಮ್ಮ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಗಣಿತಸಾರಸಂಗ್ರಹದಲ್ಲಿ ಅದನ್ನು ಮತ್ತೆ ಹೇಳಿದ. ‘ಋಣ’ ಎನ್ನುವ ಪದದಲ್ಲಿ ತೀರಿಸಬೇಕಾದ ಹೊರೆಯ ಭಾವ ಇದೆ, ಮೈನಸ್ ಎನ್ನುವುದರಲ್ಲಿ ಅದಿಲ್ಲ. ಅದಕ್ಕೇ ನಾನು ಪಾಠದಲ್ಲಿ ಋಣ ಎಂದೇ ಹೇಳುತ್ತೇನೆ.

ಗಣಿತದವರು ಇಂಥ ಕೂಡಿಕೆಗೆ ‘ಚೈನ್’ ಎಂದು ಹೆಸರಿಟ್ಟರು. ನಮ್ಮ ಕಡೆ ಚೈನ್ ಎಂದರೆ ಸರ್ವೇದ ಸರಪಳಿ. ಮುಂಬೈ ಇಲಾಖೆಯ ಹಳೆಯ ಮೋಜಣಿಯಲ್ಲಿ ಸರಪಳಿ 33 ಅಡಿ ಉದ್ದ, ಅದರೊಳಗೆ 16 ಆಣೆ. ಸರಪಳಿ ಉದ್ದ, ಸರಪಳಿ ಅಗಲ ಇದ್ದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. 1895ರಲ್ಲಿ ಪ್ಯಾರಿಸ್ಸಿನಲ್ಲಿ ಪೊಂಕಾರೆ ಹೊಮಾಲಜಿಯ ಮೊದಲ ದೊಡ್ಡ ಪ್ರಬಂಧ ಪ್ರಕಟಿಸಿದಾಗ ನಮ್ಮ ಹೊಲಗಳಲ್ಲಿ ಈ ಸರಪಳಿ ಎಳೆದು ದಶಕಗಳೇ ಆಗಿದ್ದವು.

ಸರಪಳಿಯ ನಿಜವಾದ ಗಮ್ಮತ್ತು ಇರುವುದು ಎರಡು ಹೊಲ ಕೂಡಿದಾಗ. ಹನಮಪ್ಪನ ಗುಡಿ ಸುತ್ತಿದ ಹಾಗೆ ಅಪ್ಪನ ಪಾಲನ್ನು ಬಲಗೈಗೆ ಇಟ್ಟುಕೊಂಡು ಒಂದು ಸುತ್ತು ಬನ್ನಿ. ಆಮೇಲೆ ಕಾಕಾನ ಪಾಲನ್ನೂ ಬಲಗೈಗೇ ಇಟ್ಟುಕೊಂಡು ಸುತ್ತಿ. ನಡುವಿನ ಬದುವಿನ ಮೇಲೆ ಎರಡು ಸಲ ನಡೆದಿರುತ್ತೀರಿ, ಒಮ್ಮೆ ತೆಂಕಣಕ್ಕೆ, ಒಮ್ಮೆ ಬಡಗಣಕ್ಕೆ. ಅದು ಅಳಿಯಿತು. ಉಳಿದದ್ದು ಅಜ್ಜನ ಕಾಲದ ಇಡೀ ಹೊಲದ ಸುತ್ತು. ಬಲಗೈಯೋ ಎಡಗೈಯೋ ಎಂಬುದು ಮುಖ್ಯವಲ್ಲ. ಹಿಡಿದ ಕೈಯನ್ನು ಎಲ್ಲ ಹೊಲಕ್ಕೂ ಹಿಡಿಯಬೇಕು, ಅಷ್ಟೇ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಎಂಬ ನಾಲ್ಕು ಹಳೆಯ ತಾಲ್ಲೂಕುಗಳನ್ನೂ ನಕಾಶೆಯ ಮೇಲೆ ಹೀಗೆ ಬೆರಳಿನಿಂದ ಸುತ್ತಿ ನೋಡಿದ್ದೇನೆ. ಒಳಗಿನ ಗೆರೆಗಳು ಒಂದಕ್ಕೊಂದು ವಜಾ ಆಗಿ, ಮೇಲೆ ಭೀಮೆ, ಕೆಳಗೆ ಕೃಷ್ಣೆ, ಬದಿಗೆ ವಿಜಯಪುರದ ಕಡೆಯ ಗಡಿ, ಹೀಗೆ ಹೊರಗಿನದಷ್ಟೇ ಬೆರಳಿಗೆ ಸಿಗುತ್ತದೆ.

ಗಡಿ ಅಳಿಯುವ ಮಾತು ಬಂದಾಗ ನನಗೆ 1956 ನೆನಪಾಗದೆ ಇರದು. ಆ ನವೆಂಬರ್ 1ರವರೆಗೆ ನಾವು ಮುಂಬೈ ರಾಜ್ಯದವರು, ಭೀಮೆಯ ಆಚೆ ಅಫಜಲಪುರದವರು ಹೈದರಾಬಾದ್ ರಾಜ್ಯದವರು. ಬೆಳಗಾಗುವುದರಲ್ಲಿ ಎರಡೂ ಒಂದೇ ರಾಜ್ಯವಾಗಿ, ನಡುವಿನ ಗೆರೆ ಒಳಬದುವಾಗಿ ಹೋಯಿತು. ಅದೇ ವರ್ಷ ಪ್ರಿನ್ಸ್‌ಟನ್‌ನಿಂದ ಕಾರ್ತಾಂ ಮತ್ತು ಐಲೆನ್‌ಬರ್ಗ್ ಬರೆದ ‘ಹೊಮಾಲಜಿಕಲ್ ಆಲ್ಜೀಬ್ರಾ’ ಹೊರಬಂತು. ಈ ವಿಷಯಕ್ಕೆ ಹೆಸರು ನಿಂತದ್ದೇ ಆ ಪುಸ್ತಕದಿಂದ. ಐಲೆನ್‌ಬರ್ಗ್‌ಗೆ ಭಾರತದ, ಆಗ್ನೇಯ ಏಷ್ಯದ ಕಂಚಿನ ವಿಗ್ರಹಗಳೆಂದರೆ ಪ್ರಾಣ. ತನ್ನ ಸಂಗ್ರಹದ ಬಹುಪಾಲನ್ನು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟ. 1956ರ ಇನ್ನೊಂದು ಸಂಗತಿಗೆ ಆಮೇಲೆ ಬರುತ್ತೇನೆ.

ಹೊಲದ ನಡುವೆ ಒಂದು ಕಟ್ಟಿದ ಬಾವಿ ಇದೆ, ನಾಲ್ಕು ಮೂಲೆಯದು. ಅದನ್ನು ಇಟ್ಟುಕೊಂಡು ನನಗೆ ಬಲು ಪ್ರೀತಿಯ ಒಂದು ಕೈಚಳಕ ತೋರಿಸುತ್ತೇನೆ. ಹೊಲದ ಮೂಲೆಗೆ ನಾಲ್ಕು ಕಲ್ಲು, ಬಾವಿಯ ಮೂಲೆಗೆ ನಾಲ್ಕು ಕಲ್ಲು. ಹೊರಗೆ ನಾಲ್ಕು ಬದು, ಬಾವಿಕಟ್ಟೆಯ ನಾಲ್ಕು ಬದು, ಹೊಲದ ಮೂಲೆಯಿಂದ ಬಾವಿಯ ಮೂಲೆಗೆ ನಾಲ್ಕು ಬದು. ಅಲ್ಲಿಗೆ ಕಲ್ಲು ಎಂಟು, ಬದು ಹನ್ನೆರಡು, ತುಂಡು ನಾಲ್ಕು. ಇನ್ನು ಜೋಡಿ ಜೋಡಿಯಾಗಿ ಅಳಿಸುತ್ತ ಹೋಗಬೇಕು. ಒಂದು ಬದು ಒಂದೇ ತುಂಡಿಗೆ ಅಂಚಾಗಿದ್ದರೆ ಬದುವನ್ನೂ ತುಂಡನ್ನೂ ಜೊತೆಯಲ್ಲಿ ಅಳಿಸಿ. ಹೊರಗಿನ ನಾಲ್ಕು ಬದುಗಳೂ ಅಂಥವೇ, ಆದ್ದರಿಂದ ನಾಲ್ಕು ತುಂಡುಗಳೂ ಹೋದವು. ಈಗ ಹೊರಗಿನ ಪ್ರತಿ ಕಲ್ಲೂ ಒಂದೇ ಬದುವಿನ ತುದಿಗೆ ನಿಂತಿದೆ. ಆ ಬದುವನ್ನೂ ಕಲ್ಲನ್ನೂ ಕೂಡಿಯೇ ಅಳಿಸಿ. ಉಳಿದದ್ದು ಬರೀ ಬಾವಿಕಟ್ಟೆ. ಅದರಲ್ಲೂ ಒಂದೊಂದು ಕಲ್ಲಿಗೆ ಒಂದೊಂದು ಬದುವಿನಂತೆ ಮೂರು ಜೋಡಿ ತೆಗೆದರೆ ಕೊನೆಗೆ ಒಂದೇ ಕಲ್ಲು ಮತ್ತು ಅದರಿಂದ ಹೊರಟು ಅದಕ್ಕೇ ಬಂದು ಸೇರುವ ಒಂದೇ ಬದು ಉಳಿಯುತ್ತವೆ. ಅದನ್ನು ಯಾವ ಜಾಣನೂ ಅಳಿಸಲಾರ, ಯಾಕೆಂದರೆ ಅದರ ಅಂಚು ‘ಅ − ಅ’, ಆಗಲೇ ಸೊನ್ನೆ. ಬಾವಿ ತನ್ನನ್ನು ತಾನೇ ತೋರಿಸಿಕೊಂಡಿತು. ಮ್ಯಾಟ್ರಿಕ್ಸ್ ಬರೆದು, ಅಡ್ಡಸಾಲು ಕಂಬಸಾಲು ಕಡಿದು ಇದೇ ಉತ್ತರ ತರುವವರಿದ್ದಾರೆ. ಅವರದು ತಪ್ಪಲ್ಲ, ಆದರೆ ಬಾವಿ ಕಣ್ಣಿಗೆ ಕಾಣುವುದು ಜೋಡಿ ಅಳಿಸುವ ದಾರಿಯಲ್ಲಿ ಮಾತ್ರ.

ನನಗೂ ಈ ಕಸುಬಿನ ಅನೇಕರಿಗೂ ಜಗಳ ಇರುವುದು ಬೇರೆ ಕಡೆ, ಚಿಹ್ನೆಯ ವಿಷಯದಲ್ಲಿ. ಧನ–ಋಣ ನೋಡಿಕೊಳ್ಳುವುದು ತ್ರಾಸು ಎಂದು ‘ಮಾಡ್ 2’ ಹಿಡಿಯುತ್ತಾರೆ, ಅಂದರೆ ಒಂದಕ್ಕೆ ಒಂದು ಕೂಡಿಸಿದರೆ ಸೊನ್ನೆ ಎಂದು ಇಟ್ಟುಕೊಳ್ಳುತ್ತಾರೆ. ಆಗ ಯಾವ ದಿಕ್ಕಿಗೆ ನಡೆದರೂ ನಡುವಿನ ಬದು ಎರಡು ಸಲ ಬಂತೆಂದರೆ ಮುಗಿಯಿತು, ಅಳಿಯಿತು. ಕೆಲಸ ಬೇಗ ಆಗುತ್ತದೆ, ನಿಜ. ಒಂದು ಕಾರ್ಯಾಗಾರದಲ್ಲಿ ನಾನು ಚಿಹ್ನೆಗಳನ್ನು ಕೆಂಪು ಮಸಿಯಲ್ಲಿ ಬರೆಯುತ್ತಿದ್ದಾಗ ಒಬ್ಬ ಪ್ರಾಧ್ಯಾಪಕರು, ‘ಸರ್, ಇದೆಲ್ಲ ಹಳೇ ಕಾಲದ ಮಡಿ. ಮಾಡ್ 2 ತಗೋರಿ, ಗಂಟು ಬಿಡ್ರಿ’ ಎಂದರು. ಸಭೆ ನಕ್ಕಿತು. ಆ ನಗೆ ನನಗೆ ಇನ್ನೂ ಇಳಿದಿಲ್ಲ.

ಉತ್ತರ ಕೌದಿಯಲ್ಲಿದೆ. ಒಂದು ಕೌದಿಯ ಎದುರುಬದುರಿನ ಎರಡು ಅಂಚು ಕೂಡಿಸಿ ಹೊಲಿದರೆ ಕೊಳವೆಯಾಗುತ್ತದೆ. ಕೊಳವೆಯ ಎರಡು ಬಾಯಿಗಳನ್ನು ನೆಟ್ಟಗೆ ಸೇರಿಸಿದರೆ ಟೈರಿನ ಟ್ಯೂಬು. ಒಂದು ಬಾಯಿಯ ದಿಕ್ಕನ್ನು ತಿರುವಿ ಸೇರಿಸಿದರೆ ಕ್ಲೈನ್ ಬಾಟಲಿ. ಎರಡರಲ್ಲೂ ಒಂದು ಕಲ್ಲು, ‘ಅ’ ಮತ್ತು ‘ಬ’ ಎಂಬ ಎರಡು ಬದು, ಒಂದು ತುಂಡು. ಟ್ಯೂಬಿನ ತುಂಡನ್ನು ಸುತ್ತಿ ಬಂದರೆ ‘ಅ + ಬ − ಅ − ಬ’, ಸೊನ್ನೆ. ಬಾಟಲಿಯದನ್ನು ಸುತ್ತಿದರೆ ‘ಅ + ಬ − ಅ + ಬ’, ಅಂದರೆ ಎರಡು ಬ. ಮಾಡ್ 2 ಹಿಡಿದವರಿಗೆ ಆ ಎರಡು ಬ ಕೂಡ ಸೊನ್ನೆಯೇ. ಅಳಿಯದೆ ಉಳಿಯುವ ಕಲ್ಲು, ಬದು, ತುಂಡುಗಳ ಲೆಕ್ಕ ಟ್ಯೂಬಿಗೂ 1, 2, 1. ಬಾಟಲಿಗೂ 1, 2, 1. ಒಳಗೆ ಹೊರಗೆ ಎಂಬ ಭೇದವಿರುವ ವಸ್ತುವೂ ಇಲ್ಲದ ವಸ್ತುವೂ ಅವರ ಪಟ್ಟಿಯಲ್ಲಿ ಒಂದೇ! ಚಿಹ್ನೆ ಇಟ್ಟುಕೊಂಡವರಿಗೆ ಮಾತ್ರ ಬಾಟಲಿಯಲ್ಲಿ ಒಂದು ವಿಚಿತ್ರ ಋಣ ಕಾಣುತ್ತದೆ: ಒಂದು ಸುತ್ತಿಗೆ ತೀರುವುದಿಲ್ಲ, ಎರಡನೆಯ ಸುತ್ತಿಗೆ ತೀರುತ್ತದೆ. ಇದಕ್ಕೆ ಟಾರ್ಶನ್ ಎನ್ನುತ್ತಾರೆ. ಸ್ವತಃ ಪೊಂಕಾರೆ 1895ರಲ್ಲಿ ಇದನ್ನು ಲೆಕ್ಕಕ್ಕೆ ಹಿಡಿಯದೆ ಎಡವಿದ. 1898ರಲ್ಲಿ ಡೆನ್ಮಾರ್ಕಿನ ಹೀಗಾರ್ಡ್ ಎಂಬ ತರುಣ ಅದನ್ನು ಎತ್ತಿ ತೋರಿಸಿದ. ಪೊಂಕಾರೆ ಸಿಟ್ಟಾಗಲಿಲ್ಲ, 1899ರಿಂದ ಒಂದಾದ ಮೇಲೊಂದು ಪೂರಕ ಪ್ರಬಂಧ ಬರೆದು ಸರಿಪಡಿಸಿದ. ಅಂಥವನು ಬೆವರು ಹರಿಸಿ ಗಳಿಸಿದ್ದನ್ನು ‘ಮಡಿ’ ಎಂದು ತಳ್ಳಿಬಿಡುವುದೆಂದರೇನು? ಪ್ರೋಗ್ರಾಮು ಬೇಗ ಓಡಲಿ ಎಂದು ಮಾಡ್ 2 ಹಿಡಿಯಿರಿ, ಅದಕ್ಕೆ ನನ್ನ ತಕರಾರಿಲ್ಲ. ಹಿಡಿದೆವು, ಇಂಥದ್ದನ್ನು ಕಳೆದುಕೊಂಡೆವು ಎಂದು ಹುಡುಗರಿಗೆ ಹೇಳದೆ ಇರುವುದು ಮಾತ್ರ ಅನ್ಯಾಯ. ಅದಕ್ಕಿಂತ ದೊಡ್ಡ ಅನ್ಯಾಯ ‘ಚಿಹ್ನೆಗಳನ್ನು ಓದುಗರು ಪರಿಶೀಲಿಸಿಕೊಳ್ಳುವುದು’ ಎಂದು ಬರೆದು ಮುಂದಿನ ಪುಟಕ್ಕೆ ಹೋಗುವ ಪುಸ್ತಕಗಳದು. ಸಿಂದಗಿಯಂಥ ಊರಿನಲ್ಲಿ ಕೇಳಲು ಯಾರೂ ಇಲ್ಲದೆ ಒಬ್ಬನೇ ಕುಳಿತು ಓದುವ ಹುಡುಗ ಆ ಸಾಲಿಗೆ ಬಂದು ಮೂರು ದಿನ ಸಿಕ್ಕಿಬೀಳುತ್ತಾನೆ. ತನಗೇ ಬುದ್ಧಿ ಸಾಲದು ಎಂದುಕೊಳ್ಳುತ್ತಾನೆ. ಹಾಗೆ ಅಂದುಕೊಂಡು ಪುಸ್ತಕ ಮುಚ್ಚಿದವರನ್ನು ನಾನು ಕಂಡಿದ್ದೇನೆ.

ಚಿಹ್ನೆ ನಮ್ಮ ಕಲ್ಪನೆಯ ಮಡಿಯಲ್ಲ, ಬೆಳಕಿಗೂ ಅದು ಗೊತ್ತು. 1956ರ ಇನ್ನೊಂದು ಸಂಗತಿ ಇದೇ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಪಂಚರತ್ನಂ ಎಂಬ ಇಪ್ಪತ್ತೆರಡರ ತರುಣ ಧ್ರುವೀಕೃತ ಬೆಳಕಿನ ಮೇಲೆ ಕೆಲಸ ಮಾಡುತ್ತಿದ್ದ. ಬೆಳಕಿನ ಧ್ರುವೀಕರಣದ ಒಂದೊಂದು ಸ್ಥಿತಿಯನ್ನೂ ಒಂದು ಗೋಲದ ಮೇಲಿನ ಒಂದೊಂದು ಬಿಂದುವಾಗಿ ಗುರುತಿಸಬಹುದು. ಆ ಗೋಲಕ್ಕೂ ಪೊಂಕಾರೆಯದೇ ಹೆಸರು. ಬೆಳಕನ್ನು ಅ, ಬ, ಕ ಎಂಬ ಮೂರು ಸ್ಥಿತಿಗಳಲ್ಲಿ ದಾಟಿಸಿ ಮತ್ತೆ ಅ ಗೆ ತಂದರೆ ಅದು ಹೋದ ಹಾಗೆಯೇ ಬರುವುದಿಲ್ಲ, ಅದರ ಅಲೆ ಒಂದಿಷ್ಟು ಸರಿದಿರುತ್ತದೆ. ಎಷ್ಟು? ಆ ತ್ರಿಕೋನ ಗೋಲದ ಕೇಂದ್ರದಲ್ಲಿ ಮಾಡುವ ಘನಕೋನದ ಅರ್ಧದಷ್ಟು. ಬದುವಿನ ಮೇಲೆ ಒಂದು ಸುತ್ತು ನಡೆದ ಬೆಳಕಿಗೆ ಒಳಗಿನ ಹೊಲದ ಕ್ಷೇತ್ರಫಲ ಗೊತ್ತಾಗಿಬಿಟ್ಟಿದೆ! ಸುತ್ತಿನ ದಿಕ್ಕು ತಿರುಗಿಸಿದರೆ ಆ ಸರಿತದ ಚಿಹ್ನೆಯೂ ತಿರುಗುತ್ತದೆ. ಗೋಲದ ಮೇಲೆ ಅದೇ ಬದುವಿಗೆ ಹೊರಗಡೆಯೂ ಒಂದು ಹೊಲ ಇದೆ, ಅದನ್ನು ಅಳೆದರೂ ಉತ್ತರ ಹೊಂದಲೇಬೇಕು. ಹೊಂದುತ್ತದೆ, ಹೊರಗಿನದಕ್ಕೆ ಋಣ ಹಾಕಿದರೆ. ಎರಡು ಉತ್ತರಗಳ ನಡುವೆ ಬರುವುದು ಸರಿಯಾಗಿ ಒಂದು ಪೂರ್ಣ ಸುತ್ತಿನ ಅಂತರ, ಅಲೆಗೆ ಅದು ಇದ್ದೂ ಇಲ್ಲದ ಹಾಗೆ. ಋಣ ಹಾಕದಿದ್ದರೆ ಎರಡೂ ಕಡೆಯ ಲೆಕ್ಕ ಸಾಮಾನ್ಯವಾಗಿ ಕೂಡುವುದಿಲ್ಲ. ಇಂಗ್ಲೆಂಡಿನ ಬೆರಿ 1984ರಲ್ಲಿ ಇದೇ ಬಗೆಯ ಸರಿತವನ್ನು ಕ್ವಾಂಟಮ್ ಲೋಕದಲ್ಲಿ ತೋರಿಸಿದ ಮೇಲೆ, 1986ರಲ್ಲಿ ರಾಮಶೇಷನ್ ಮತ್ತು ನಿತ್ಯಾನಂದ ಅವರು ಪಂಚರತ್ನಂ ಇದನ್ನು ಎಂದೋ ಕಂಡಿದ್ದರೆಂದು ನೆನಪಿಸಿದರು. ಪಂಚರತ್ನಂ ತೀರಿಕೊಂಡು ಆಗಲೇ ಹದಿನೇಳು ವರ್ಷವಾಗಿತ್ತು.

ನಮ್ಮ ಹೊಲದ ಅಳತೆ ಸಂಜೆಯ ಹೊತ್ತಿಗೆ ಮುಗಿಯಿತು. ಭೂಮಾಪಕ ಹುಡುಗ ಬೇವಿನ ಗಿಡದ ಬದುವನ್ನು ಬರೀ ಗೆರೆಯಾಗಿ ಎಳೆದ. ಮರುವಾರ ವಾಟ್ನಿ ಪತ್ರ ಬರೆಸುವಾಗ ಅಪ್ಪ ಮತ್ತು ಕಾಕಾ ಹೊಲವನ್ನು ಎರಡು ಸಮ ಪಾಲು ಮಾಡಿಕೊಂಡರು. ಬಾವಿ ಮಾತ್ರ ಇಬ್ಬರಿಗೂ ಸಾಮಾಯಿಕ ಎಂದು ಬರೆಸಿದರು.