ನಾಲ್ಕು ಊರುಗಳ ಒಂದು ಹಗಲು

ನಮ್ಮ ಪಾಠಶಾಲೆಯ ವಸತಿಗೃಹದ ಒಂದೇ ಕೊಠಡಿಯಲ್ಲಿ ಚಾಪೆ ಹಾಸಿ ಮಲಗಿ ಬೆಳೆದ ನಾವು ನಾಲ್ವರು, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂಬ ನಾಲ್ಕು ಸೀಮೆಗಳಿಂದ ಬಂದವರಾದುದರಿಂದ, ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆವು. ತಲೆ ನರೆತು ಮೊಮ್ಮಕ್ಕಳಾದ ಮೇಲೂ ಆ ರೂಢಿ ತಪ್ಪಿಲ್ಲ. ಕಳೆದ ಜೂನ್ ತಿಂಗಳಿನಲ್ಲಿ ನಾವು ಒಟ್ಟಾಗಿ ಕಳೆದ ಒಂದು ಹಗಲಿನ ವೃತ್ತಾಂತವನ್ನು ನಿಮ್ಮ ಮುಂದಿಡುವೆವು. ಕೇವಲ ತಿಂಡಿಯ ಕಥೆಯೆಂದು ನಗದೆ ಕಡೆಯವರೆಗೆ ಓದಬೇಕೆಂದು ಬೇಡುವೆವು.

ಇದಕ್ಕೆಲ್ಲ ಕಾರಣವಾದುದು ಜಪಾನ್ ದೇಶದಿಂದ ಬಂದ ಒಂದು ಪತ್ರ. ಮಾಲೂರಿನ ಮೊಮ್ಮಗಳು ಒಸಾಕಾ ಮಹಾನಗರದಲ್ಲಿ ಉದ್ಯೋಗದಲ್ಲಿದ್ದಾಳೆ. ಕ್ಯೋಟೋದವರು ಉಡುವುದರಲ್ಲಿ ಮನೆ ಕಳೆದುಕೊಳ್ಳುವರು, ಒಸಾಕಾದವರು ಉಣ್ಣುವುದರಲ್ಲಿ ಕಳೆದುಕೊಳ್ಳುವರು ಎಂಬ ನಾಣ್ಣುಡಿ ಅಲ್ಲಿರುವುದಂತೆ. ರಜೆಯ ದಿನ ಆ ಹುಡುಗಿ ತನ್ನ ಸಂಗಡಿಗರೊಡನೆ ದೋತೊಂಬೊರಿ ಎಂಬ ಕಾಲುವೆಯ ದಡದ ಬೀದಿಯಲ್ಲಿ ತಿಂದುದನ್ನೆಲ್ಲ ವಿವರವಾಗಿ ಬರೆದಿದ್ದಳು. ನಮ್ಮ ಪಡ್ಡಿನ ಹಂಚಿನಂತೆಯೇ ಗುಳಿಗಳುಳ್ಳ ಕಾವಲಿಯಲ್ಲಿ, ಹಿಟ್ಟಿನ ನಡುವೆ ಆಕ್ಟೋಪಸ್ಸೆಂಬ ಕಡಲ ಜೀವಿಯ ತುಂಡನ್ನಿಟ್ಟು ಬೇಯಿಸುವ ತಕೊಯಾಕಿ. ಹೆಚ್ಚಿದ ಎಲೆಕೋಸನ್ನು ಹಿಟ್ಟಿನಲ್ಲಿ ಕಲಸಿ ದಪ್ಪ ದೋಸೆಯಂತೆ ಹುಯ್ಯುವ ಒಕೊನೊಮಿಯಾಕಿ. ಸಂಜೆಯಾದ ಮೇಲೆ, ಕೆಂಪು ಲಾಂದ್ರ ತೂಗುಹಾಕಿದ ಇಜಕಾಯಗಳೆಂಬ ಪಾನಗೃಹಗಳಿಗೆ ಹೋಗಿ, ಒಂದರಲ್ಲಿ ಒಂದು ಬಟ್ಟಲು, ಒಂದು ತಟ್ಟೆ ಮುಗಿಸಿ ಮತ್ತೊಂದಕ್ಕೆ ದಾಟುತ್ತ, ನಾಲ್ಕು ಅಂಗಡಿ ತಿರುಗಿದುದನ್ನೂ ಮರೆಮಾಚದೆ ತಿಳಿಸಿದ್ದಳು.

ಪತ್ರಕ್ಕೆ ಮಾಲೂರು ಒಂದು ತಿಂಗಳು ಉತ್ತರ ಬರೆಯಲಿಲ್ಲ. ಕಾರಣವನ್ನು ನಾವು ಬಲ್ಲೆವು. ಆಕೆಯ ತಂದೆ ಹೆಂಚಿನ ಕಾರ್ಖಾನೆಯಲ್ಲಿ ಕೂಲಿ ಮಾಡುತ್ತಿದ್ದರು. ಶನಿವಾರ ಬಟವಾಡೆಯಾದೊಡನೆ ಅವರ ಹೆಜ್ಜೆ ಸಾರಾಯಿ ಅಂಗಡಿಗೆ ತಿರುಗುತ್ತಿದ್ದಿತು. ತಾಯಿ ಒಲೆಯ ಮೇಲೆ ಎಸರಿಟ್ಟು, ಉಳಿದಷ್ಟು ಕಾಸನ್ನಾದರೂ ಇಸಿದುಕೊಂಡು ರಾಗಿಹಿಟ್ಟು ತರಲೆಂದು ಮಗಳನ್ನು ಅಟ್ಟುವರು. ಆ ಅಂಗಡಿಯ ಬಾಗಿಲಲ್ಲಿ ಗಂಟೆಗಟ್ಟಲೆ ನಿಂತ ಬಾಲಿಕೆಯ ಕಥೆಯನ್ನು ನಾವು ದೀಪವಾರಿದ ಮೇಲೆ ಕತ್ತಲಲ್ಲಿ ಎಷ್ಟೋ ಸಲ ಕೇಳಿದ್ದೆವು.

“ಒಸಾಕಾ ಹಾಗಿರಲಿ, ನಮ್ಮ ನಾಲ್ಕು ಊರುಗಳನ್ನೇ ಒಂದು ದಿನ ತಿಂದುಬರೋಣ” ಎಂದವಳು ಶ್ರೀನಿವಾಸಪುರ. ಆಗ ಲೆಕ್ಕ ಹಾಕಿ ನೋಡಲಾಗಿ, ನಮ್ಮ ನಾಲ್ವರಲ್ಲಿ ಒಬ್ಬಳಾದರೂ ಮನೆಯ ಗಂಡಸರಿಲ್ಲದೆ, ಸ್ವಂತ ಕಾಸಿನಿಂದ, ಹೋಟೆಲಿನಲ್ಲಿ ಉಂಡವಳಲ್ಲ! ಒಂದು ಬಾಡಿಗೆಯ ಕಾರನ್ನು ಗೊತ್ತುಮಾಡಿಕೊಂಡು ಬೆಳಗಿನ ಏಳು ಗಂಟೆಗೆ ಕೋಲಾರದಿಂದ ಹೊರಟೆವು.

ಮದರಾಸಿನ ಹಳೆಯ ಹೆದ್ದಾರಿಯಲ್ಲಿ ಪೂರ್ವಕ್ಕೆ ಸಾಗಿ ಮುಳಬಾಗಿಲನ್ನು ಸೇರಿದೆವು. ಅಲ್ಲಿನ ದೋಸೆಯ ಕೀರ್ತಿ ನಿಮಗೆ ಹೊಸದಲ್ಲ. ಒಳಗೆ ಮೃದು, ಹೊರಗೆ ತುಪ್ಪದಲ್ಲಿ ಗರಿಗರಿ. ಮೊದಲನೆಯ ತಟ್ಟೆ ಬಂದೊಡನೆ ಮುಳಬಾಗಿಲು ಅದನ್ನು ಪಕ್ಕದವಳ ಕಡೆಗೆ ಸರಿಸಿದಳು; ಆಕೆ ಮುಂದಿನವಳಿಗೆ ಸರಿಸಿದಳು; ತಟ್ಟೆ ಮೇಜನ್ನು ಒಂದು ಸುತ್ತು ಬಂದು ಮೊದಲಿನವಳ ಮುಂದೆಯೇ ನಿಂತಿತು. ಆರಿ ಹೋಗುವುದು, ತಿನ್ನಿರಮ್ಮಾ ಎಂದು ಬಡಿಸುವ ಹುಡುಗನು ತೆಲುಗಿನಲ್ಲಿ ಗದರಿದನು. ನಕ್ಕೆವು, ಆದರೆ ಐವತ್ತು ವರ್ಷ ಒಲೆಯ ಮುಂದೆ ನಿಂತು ಬಿಸಿದೋಸೆಯನ್ನು ಇತರರಿಗೆ ಹಾಕಿದವರಿಗೆ ತಾವು ಮೊದಲು ತಿನ್ನುವುದು ಎಷ್ಟು ಕಷ್ಟವೆಂಬುದು ಆಗ ತಿಳಿಯಿತು.

ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ. ತೋಟವೊಂದರ ನೆರಳಿನಲ್ಲಿ ಕುಳಿತು ಬಾದಾಮಿ, ರಸಪುರಿ, ಮಲ್ಲಿಕಾ ಎಂದು ಸರದಿಯಾಗಿ ರುಚಿ ನೋಡಿದೆವು. ಸಕ್ಕರೆಯ ಕಾಯಿಲೆಯುಳ್ಳ ಕೋಲಾರ ಮಾತ್ರ ತೋತಾಪುರಿಯ ಕಾಯಿಗೆ ಉಪ್ಪು ಖಾರ ಹಚ್ಚಿಕೊಂಡು, ತನ್ನ ಪಾಲೇ ಉತ್ತಮವೆಂದು ಸಾಧಿಸಿದಳು. ಮಧ್ಯಾಹ್ನ ಕೋಲಾರಕ್ಕೆ ಮರಳಿ ಮುದ್ದೆ, ಸೊಪ್ಪಿನ ಸಾರು ಉಂಡು, ನರಸಾಪುರದ ಮಾರ್ಗವಾಗಿ ಮಾಲೂರಿನ ಕಡೆಗೆ ಹೊರಟೆವು. ನರಸಾಪುರದಲ್ಲಿ 2013ರಲ್ಲಿ ಆರಂಭವಾದ ಹೋಂಡಾ ಕಾರ್ಖಾನೆಯಿದೆ. ಅದನ್ನು ಕಂಡು ಮಾಲೂರು, “ಜಪಾನಿನವರು ನಮ್ಮ ಬಾಗಿಲಿಗೆ ಬಂದರು, ನನ್ನ ಮಗು ಅವರ ಬಾಗಿಲಿಗೆ ಹೋಯಿತು” ಎಂದಳು. ಮೊಮ್ಮಗಳ ಮಾತನ್ನು ಆ ದಿನ ಆಕೆ ಎತ್ತಿದುದು ಅದೇ ಮೊದಲು.

ಮಾಲೂರಿನಲ್ಲಿ ಆಕೆಯೇ ದಾರಿ ತೋರಿಸಿ ಒಂದು ಬೇಕರಿಯ ಮುಂದೆ ಕಾರನ್ನು ನಿಲ್ಲಿಸಿದಳು. ಹಿಂದೆ ಸಾರಾಯಿ ಅಂಗಡಿಯಿದ್ದ ಸ್ಥಳ ಅದೇ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಬೇರೆ ಮದ್ಯದಂಗಡಿಗಳು ಉಳಿದಿವೆ, ಬಾಗಿಲಲ್ಲಿ ಕಾಯುವ ಮಕ್ಕಳೂ ಎಲ್ಲೋ ಇರಬಹುದು. ಆದರೆ ಈ ಬಾಗಿಲಲ್ಲಿ ಈಗ ಬನ್ನಿನ ಪರಿಮಳವಿತ್ತು. ಹೊಸ್ತಿಲಲ್ಲಿ ಆಕೆ ಕ್ಷಣಕಾಲ ನಿಂತಳು. ನಾವು ಕರೆಯಲಿಲ್ಲ, ಕೈ ಹಿಡಿಯಲೂ ಇಲ್ಲ. ತಾನಾಗಿಯೇ ಒಳಗೆ ಬಂದು ಕುಳಿತು, ನಾಲ್ಕು ಚಹ, ಖಾರ ಬನ್ನು, ದಿಲ್‌ಪಸಂದ್ ತರಹೇಳಿದಳು.

ಚಹ ಅರ್ಧವಾದಾಗ ಮೆಲ್ಲನೆ ಕೇಳಿದಳು: “ಅಪ್ಪ ಇಲ್ಲಿ ಕುಳಿತಾಗ ಮನೆಯಲ್ಲಿ ಐದು ಮಂದಿ ಹಸಿದಿರುತ್ತಿದ್ದೆವು. ಆ ಹುಡುಗಿ ಅಲ್ಲಿ ಕುಳಿತಾಗ ಹಸಿದವರು ಯಾರು?” ಮದ್ಯವನ್ನು ಹೊಗಳುವವರು ನಾವಲ್ಲ, ಆ ಪ್ರಶ್ನೆಗೆ ಒಡನೆ ಉತ್ತರವೂ ನಮಗೆ ತೋಚಲಿಲ್ಲ. ಆಕೆಯೇ ಎದ್ದುಹೋಗಿ, ನಮ್ಮ ಮೂವರ ಪ್ರತಿಭಟನೆಗೆ ಕಿವಿಗೊಡದೆ, ಹಣ ತೆತ್ತು ಬಂದಳು.

ಅಂದಿನ ರಾತ್ರಿಯೇ ಉತ್ತರ ಬರೆದಳು. ಅದರ ಕೊನೆಯ ಸಾಲುಗಳನ್ನು ಆಕೆಯ ಒಪ್ಪಿಗೆಯಿಂದ ಇಲ್ಲಿ ಕೊಡುವೆವು: “ಎಲ್ಲ ಅಂಗಡಿಗಳಲ್ಲಿಯೂ ಹೊಟ್ಟೆತುಂಬ ತಿನ್ನು, ಮಗಳೇ. ಲಾಂದ್ರದ ಅಂಗಡಿಯಲ್ಲಿ ಬಟ್ಟಲು ಚಿಕ್ಕದಾಗಿರಲಿ. ನಿನ್ನ ಸಲುವಾಗಿ ಯಾರೂ ಬಾಗಿಲಲ್ಲಿ ಹಸಿದು ನಿಲ್ಲದಂತೆ ನೋಡಿಕೋ. ಊರಿಗೆ ಬಂದಾಗ ಮುಳಬಾಗಿಲಿನ ದೋಸೆ ನನ್ನ ಖರ್ಚು. ಮೊದಲನೆಯ ತಟ್ಟೆಯನ್ನು ಮಾತ್ರ ನಾನೇ ತಿನ್ನುವೆನು.”